ಹನ್ನೊಂದನೇ ಮನೆಗೆ ಬಂದ ಬ್ಲಾಗ್

ಫೆಬ್ರವರಿ 8, ಭಾನುವಾರ, ಬೆಳಿಗ್ಗೆ 10.40. ತಮಿಳುನಾಡಿನ ಕಡಯಂಪಟ್ಟಿಯ ನಮ್ಮ ಮನೆ ಬಾಗಿಲಲ್ಲಿ ಪಕ್ಕದ ಬೀದಿಯ ನಸೀಮಾ ಫೋನ್ ಹಿಡಿದು ನಿಂತಿದ್ದಳು. ಅವಳ ತಾತ ದರ್ಗಾದಲ್ಲಿ ಬೆಚ್ಚಿಬೀಳುವ ಮಕ್ಕಳಿಗೆ ನವಿಲುಗರಿ ಸವರಿ ತಾಯತ ಕಟ್ಟುತ್ತಾರೆ. ತಾಯತಕ್ಕೆ ಇಸ್ಲಾಂ ಧರ್ಮದಲ್ಲಿ ಆಧಾರವಿಲ್ಲ ಎಂದು ಅವಳು ತನ್ನ ತಮಿಳು ಬ್ಲಾಗಿನಲ್ಲಿ ಏಳು ಪ್ಯಾರಾ ಬರೆದಿದ್ದಳು. ಚುನಾವಣೆ ಹತ್ತಿರವಿತ್ತು. ಯಾರೋ ಅದರಿಂದ ಎರಡೇ ಸಾಲು ಕತ್ತರಿಸಿ, ಹಿಂದೂಗಳು ದರ್ಗಾಕ್ಕೆ ಬರಬಾರದಂತೆ ಎಂದು ವಿಡಿಯೊ ಮಾಡಿ ಹಂಚಿದರು. ಅಂದಿನಿಂದ ಅಮ್ಮ ನನ್ನ ಅಕ್ಕನ ಮಗುವನ್ನು ಅಲ್ಲಿಗೆ ಕರೆದೊಯ್ದಿರಲಿಲ್ಲ. ವಿಡಿಯೊ ನೋಡಿ ದೂರವಾದವರ ಮನೆಗಳಿಗೆ ಹೋಗಿ ನಸೀಮಾ ಪೂರ್ತಿ ಬರಹವನ್ನು ಓದಿ ಹೇಳುತ್ತಿದ್ದಳು. ನಮ್ಮದು ಹನ್ನೊಂದನೆಯ ಮನೆ.

ಕೇಳಿಸಿಕೊಂಡ ಅಮ್ಮ, "ನೀ ಏಳೋದೆಲ್ಲಾ ಸರಿಯಾಗೇ ಐತೆ ಕಣಮ್ಮಾ. ಮೊಗ ನಿದ್ದೇಲಿ ಬೆಚ್ಚಿಬೀಳೋದು ನಿಂತಿಲ್ಲ. ನಾಳೆ ಕರ್ಕೊಂಡ್ ಬರ್ಲಾ, ಬ್ಯಾಡ್ವಾ?" ಎಂದಳು.

ನಸೀಮಾ ಫೋನ್ ಕೆಳಗಿಳಿಸಿದಳು. "ನಂಗೆ ತಾಯತದ ಮೇಲೆ ನಂಬಿಕೆ ಇಲ್ಲ ಅತ್ತೆ. ಆದ್ರೂ ಬನ್ನಿ. ನೀವ್ಯಾರೂ ಬರ್ತಿಲ್ಲ ಅಂತ ತಾತ ಸರಿಯಾಗಿ ಉಣ್ತಿಲ್ಲ."

ಮರುದಿನ ಅಮ್ಮ ಹೋದಳು. ನಸೀಮಾ ತನ್ನ ಏಳು ಪ್ಯಾರಾಗಳಲ್ಲಿ ಒಂದನ್ನೂ ಅಳಿಸಿಲ್ಲ. ಇವತ್ತೂ ಎಣಿಸಿ ನೋಡಿದೆ. ವಿಡಿಯೊ ಮಾಡಿದವರ ಹೆಸರಿಗೆಂದು, ಇದನ್ನೆಲ್ಲ ಬರೆದಿಟ್ಟ ನನ್ನ ಡೈರಿಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಬಲ್ಲವರು ಈ ಪತ್ರಿಕೆಗೆ ಬರೆದು ತಿಳಿಸಿ.