ಹೆಸರು ಬರೆಸುವ ಮೇಡಂ
ಹುಮನಾಬಾದಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಮನೀಷಾ ಮೇಡಂ, ಸಂಶೋಧನೆಗೆಂದು ಬಂದ ಹುಡುಗಿಯರ ಕೈಗೆ ಮೊದಲೇ ಪುಸ್ತಕ ಕೊಡುವವರಲ್ಲ. "ತೊಗರಿ ಬೀಜಕ್ಕ ಹುಳ ಹತ್ತದಂಗ ನಿಮ್ಮವ್ವ ಏನ್ ಮಾಡ್ತಾಳ, ಕೇಳ್ಕೊಂಡು ಬಾ" ಎಂದು ಊರಿಗೆ ಅಟ್ಟುವವರು. ಕೊಹಿನೂರ, ಮಂಠಾಳದಂಥ ಹಳ್ಳಿಗಳ ಅವ್ವಂದಿರೆಲ್ಲ ಅವರ ಪಾಲಿಗೆ ಪ್ರೊಫೆಸರುಗಳೇ; ಪರೀಕ್ಷಕರು ಒಪ್ಪಿದರೂ ಅವ್ವ ಒಪ್ಪದಿದ್ದರೆ ಪ್ರಯೋಗ ಮತ್ತೆ ಮೊದಲಿಂದ. ಬೂದಿ ಬೆರೆಸಿದ ಬೀಜ ಕೆಡುವುದಿಲ್ಲವೆಂದು ತೋರಿಸಿದ ವಿದ್ಯಾರ್ಥಿನಿ ಸ್ನೇಹಲ, ತನ್ನ ಪ್ರಬಂಧದಲ್ಲಿ 'ಒಬ್ಬ ಕೂಲಿ ಹೆಂಗಸು ಹೇಳಿದ ವಿಧಾನ' ಎಂದು ಬರೆದು ತಂದಾಗ ಮೇಡಂ ಗುಡುಗಿದರು: "ಆಕಿಗೆ ಹೆಸರಿಲ್ಲೇನು?" "ನಮ್ಮವ್ವರಿ, ಸುಮನಬಾಯಿ." "ಹಂಗಾದ್ರ ಹಂಗ ಬರಿ!" ಅಂದೇ ಸ್ನೇಹಲ ಕಪಾಟಿನಲ್ಲಿದ್ದ ಮೇಡಂ ಅವರ ಹಳೆಯ ಪಿಎಚ್.ಡಿ. ಪ್ರಬಂಧ ತೆರೆದಳು. 'ಒಬ್ಬ ಕೂಲಿ ಹೆಂಗಸು' ಎಂದು ಅಚ್ಚಾದಲ್ಲೆಲ್ಲ ಅದನ್ನು ಹೊಡೆದುಹಾಕಿ, ಮೇಡಂ ತಮ್ಮ ಕೈಯಾರೆ ಬರೆದಿದ್ದರು: ನಮ್ಮವ್ವ, ಶೇವಂತಾಬಾಯಿ.