ಸುತ್ತು ಎಷ್ಟು ಗೊತ್ತು, ಯಾಕೆ ಗೊತ್ತಿಲ್ಲ

ಚನ್ನರಾಯಪಟ್ಟಣದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಕೆಲಸ. ಹಿರೀಸಾವೆಯಿಂದ ಶಾಂತಿಗ್ರಾಮದವರೆಗೆ ಹೆದ್ದಾರಿಯ ಎರಡೂ ಬದಿಯ ತೋಟಗಳಲ್ಲಿ ನನ್ನ ಕೈ ತಾಗದ ಮೋಟಾರು ಕಡಿಮೆ. ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೇ ಅಂತ ಇಟ್ಟುಕೊಳ್ಳಿ, ತಪ್ಪಿಲ್ಲ, ಕೈ ದುಡಿದಿದೆ.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಸುಟ್ಟ ಮೋಟಾರು ಬಂದರೆ ಮೊದಲು ಹಳೆಯ ಕಾಯಿಲನ್ನು ಕತ್ತರಿಸಿ ತೆಗೆದು, ಅದರಲ್ಲಿ ಎಷ್ಟು ಸುತ್ತು ತಂತಿ ಇತ್ತು ಎಂದು ಎಣಿಸುತ್ತೇವೆ. ತಂತಿಯ ದಪ್ಪ ಅಳೆಯುತ್ತೇವೆ. ಎರಡನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡು, ಹೊಸದನ್ನೂ ಹಾಗೆಯೇ ಸುತ್ತುತ್ತೇವೆ. ಒಂದು ಸುತ್ತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಮಾಡುತ್ತಿದ್ದುದೂ ಇದನ್ನೇ, ಅವರಿಗೆ ಕಲಿಸಿದವರು ಮಾಡಿದ್ದೂ ಇದನ್ನೇ. ಯಾಕೆ ಮೂವತ್ತಾರು ಸುತ್ತು, ಯಾಕೆ ಮೂವತ್ತಲ್ಲ ಎಂದು ಒಮ್ಮೆ ಮೇಸ್ತ್ರಿಯನ್ನು ಕೇಳಿದ್ದೆ.

"ಕಂಪ್ನಿಯೋನು ದಡ್ಡನೇನ್ಲಾ? ಎಣ್ಸು, ಸುತ್ತು" ಅಂದರು.

ಎಣಿಸಿದೆ, ಸುತ್ತಿದೆ. ಮೂವತ್ತು ವರ್ಷದ ಮೇಲಾಯಿತು. ಆ 'ಯಾಕೆ' ಮಾತ್ರ ಗಂಟಲಲ್ಲಿ ಹಾಗೇ ಉಳಿಯಿತು.

ನಾನು ಓದಿದ್ದು ಒಂಬತ್ತನೇ ಕ್ಲಾಸಿನವರೆಗೆ. ಮನೆಯಲ್ಲಿ ಕಷ್ಟ ಇತ್ತು, ಅಪ್ಪ ಬಿಡಿಸಿದ ಅಂದರೆ ಕೇಳಿದವರು ಅಯ್ಯೋ ಅನ್ನುತ್ತಾರೆ. ನನಗೆ ಆ ಮಾತು ಹೇಳುವ ಹಾಗೂ ಇಲ್ಲ. ನನ್ನನ್ನು ಯಾರೂ ಬಿಡಿಸಲಿಲ್ಲ. ಬೇಸಿಗೆ ರಜದಲ್ಲಿ ಸುಮ್ಮನೆ ಮೇಸ್ತ್ರಿಯ ಅಂಗಡಿಗೆ ಹೋದೆ. ಬೆರಳು ಸಣ್ಣ, ತಂತಿ ಸಲೀಸಾಗಿ ಮೋಟಾರಿನ ಸಂದಿಯೊಳಗೆ ಕೂರುತ್ತಿತ್ತು. ಮೇಸ್ತ್ರಿ ಗಿರಾಕಿಗಳ ಮುಂದೆ "ಇವ್ನ ಕೈ ನೋಡ್ರಪ್ಪಾ" ಅಂದರು. ಆ ಮಾತು ತಲೆಗೇರಿತು. ಜೂನಿನಲ್ಲಿ ಶಾಲೆ ತೆರೆಯಿತು. ಹೆಡ್ಮಾಸ್ಟರು ಎರಡು ಸಲ ಹೇಳಿಕಳಿಸಿದರು. ಎರಡು ಸಲವೂ "ನಾಳೆ ಬತ್ತೀನಿ ಅನ್ನು" ಅಂದೆ. ಮೂರನೇ ಸಲ ಅವರು ಹೇಳಿಕಳಿಸಲಿಲ್ಲ. ಎಷ್ಟೋ ವರ್ಷದ ಮೇಲೆ ತಿಳಿಯಿತು, ಕರೆಂಟಿನ ಪಾಠ, ಕಾಯಿಲಿನ ಪಾಠ, ಮೋಟಾರು ಯಾಕೆ ತಿರುಗುತ್ತದೆ ಎಂಬ ಪಾಠ ಎಲ್ಲವೂ ಇದ್ದದ್ದು ಹತ್ತನೇ ಕ್ಲಾಸಿನಲ್ಲಂತೆ. ಇಳಿಯಬೇಕಾದ ಊರಿಗೆ ಒಂದು ಸ್ಟಾಪು ಮೊದಲೇ ಇಳಿದುಬಿಟ್ಟಿದ್ದೆ.

ಈಗ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಎದುರಿನ ಸ್ಟಾಪಿನಲ್ಲಿ ಮಕ್ಕಳು ಬಸ್ಸಿಗೆ ನಿಂತಿರುತ್ತಾರೆ. ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗು. ಕೆಲವರು ಹಾಸನಕ್ಕೆ, ಕೆಲವರು ಹೊಳೆನರಸೀಪುರಕ್ಕೆ. ಐವತ್ತು ತೆಂಗು ಇರುವವರ ಮಗನೂ ಅಲ್ಲೇ, ಕೂಲಿಗೆ ಹೋಗುವವರ ಮಗಳೂ ಅಲ್ಲೇ, ಇಬ್ಬರ ಕೈಯಲ್ಲೂ ಒಂದೇ ತರಹದ ಡ್ರಾಯಿಂಗ್ ಹಾಳೆಯ ಸುರುಳಿ. ಬಸ್ಸು ಹೋದ ಮೇಲೂ ನಾನು ಸ್ವಲ್ಪ ಹೊತ್ತು ರಸ್ತೆ ನೋಡುತ್ತಾ ನಿಂತಿರುತ್ತೇನೆ. ಆಮೇಲೆ ಕೆಲಸ.

ಹೋದ ವರ್ಷ ಹೊಳೆನರಸೀಪುರದ ಕಡೆಯ ಒಂದು ಡಿಪ್ಲೊಮಾ ಕಾಲೇಜಿನ ಮೇಷ್ಟ್ರು ಅಂಗಡಿಗೆ ಬಂದರು. ಹಾಸನದವರು, ಚಿಕ್ಕ ವಯಸ್ಸು. ಕಾಲೇಜಿನ ಲ್ಯಾಬಿನ ಮೋಟಾರು ಸುಟ್ಟಿತ್ತು.

"ಯಜಮಾನ್ರೇ, ಇದನ್ನ ಇಲ್ಲಿ ಸುತ್ತಬೇಡಿ. ನಮ್ಮ ಲ್ಯಾಬಿಗೇ ಬಂದು ಹುಡುಗರ ಮುಂದೆ ಸುತ್ತಿ. ಎರಡು ದಿನ. ಪುಸ್ತಕದಲ್ಲಿ ನೋಡಿದ್ದಾರೆ, ಕೈಯಲ್ಲಿ ಮುಟ್ಟಿಲ್ಲ" ಅಂದರು.

"ನಾನಾ? ನಾನೇನ್ ಪಾಠ ಮಾಡ್ಲಿ ಸಾ?"

"ಕೆಲಸ ನೀವು ಮಾಡಿ. ಪಾಠ ನಾನು ಮಾಡ್ತೀನಿ."

ಆ ಕೊನೆಯ ಮಾತಿಗೇ ನಾನು ಒಪ್ಪಿದ್ದು. ಇವರು ಪಾಠ ಮಾಡುತ್ತಾರೆ, ನಾನು ಅಲ್ಲೇ ಇರುತ್ತೇನೆ, ಸುತ್ತಿನ ಲೆಕ್ಕ ಹೇಗೆ ಹುಟ್ಟುತ್ತದೆ ಎಂಬುದು ಕಿವಿಗೆ ಬಿದ್ದೇ ಬೀಳುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ. ಕೇಳುವುದೇ ನನಗೆ ಬಾರದ ವಿದ್ಯೆ.

ಇಸ್ತ್ರಿ ಮಾಡಿದ ಶರಟು ಹಾಕಿಕೊಂಡಾಗ ಹೆಂಡತಿ, "ಹೆಣ್ ನೋಡಕ್ ಒಂಟಂಗೈತಲ್ಲ" ಅಂದಳು. ಟೂಲ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ.

ಲ್ಯಾಬಿನಲ್ಲಿ ನಡುವೆ ಮೇಜು, ಸುತ್ತ ಹುಡುಗರು. ಕಾಯಿಲು ಸುತ್ತತೊಡಗಿದೆ. ಒಬ್ಬ ಹುಡುಗ, "ಅಂಕಲ್, ಮೆಷಿನ್ ಇಲ್ವಾ? ಕೈಯಲ್ಲೇ ಸುತ್ತೀರಾ?" ಅಂದ.

"ಕೈಯೇ ಮೆಷಿನ್ನು ಕಣಪ್ಪ. ಕರೆಂಟ್ ಓದ್ರೂ ನಿಲ್ಲಲ್ಲ" ಅಂದೆ. ನಕ್ಕರು. ನನಗೂ ಧೈರ್ಯ ಬಂತು.

ಮೇಜಿಗೆ ಅಂಟಿಕೊಂಡೇ ಒಬ್ಬ ಹುಡುಗಿ ನಿಂತಿದ್ದಳು. ಅರಕಲಗೂಡಿನ ಕಡೆಯವಳು, ಹೊಗೆಸೊಪ್ಪು ಬೆಳೆಯುವ ಮನೆಯಂತೆ. ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ. ನನ್ನ ಜೊತೆಗೇ ತುಟಿಯಲ್ಲಿ ಸುತ್ತು ಎಣಿಸುತ್ತಿದ್ದಳು. ಮೂವತ್ತಾರಕ್ಕೆ ನಾನು ತಂತಿ ಕತ್ತರಿಸಿದ ಕೂಡಲೇ ಕೇಳಿದಳು:

"ಸಾ, ಮೂವತ್ತಾರೇ ಯಾಕೆ?"

"ಹಳೇದ್ರಲ್ಲಿ ಇದ್ದಿದ್ದೇ ಅಷ್ಟು ಕಣವ್ವ."

"ಹಳೇದ್ರಲ್ಲೇ ತಪ್ಪಾಗಿದ್ರೆ?"

ಎಲ್ಲರೂ ಗೊಳ್ಳೆಂದರು. "ನಾನ್ ಸುತ್ತಿದ್ ಮೋಟಾರು ಒಂದೂ ವಾಪಸ್ ಬಂದಿಲ್ಲ" ಅಂದೆ. ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

"ಒಳ್ಳೇ ಪ್ರಶ್ನೆ. ಈಗ ಅದನ್ನೇ ನೋಡೋಣ" ಎಂದು ಮೇಷ್ಟ್ರು ಸೀಮೆಸುಣ್ಣ ತೆಗೆದುಕೊಂಡರು. ಹುಡುಗರು ಬೆಂಚುಗಳಿಗೆ ಹೋಗಿ ಕೂತರು. ನಾನು ಬೇಗಬೇಗ ಕೈ ಒರೆಸಿಕೊಂಡು ಬೋರ್ಡಿನ ಕಡೆ ತಿರುಗಿದೆ. ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಲೆ ಬಿತ್ತು. ಅಟೆಂಡರನ್ನು ಕರೆದು, "ಯಜಮಾನ್ರು ಬೆಳಿಗ್ಗೆಯಿಂದ ನಿಂತೇ ಇದ್ದಾರೆ. ಸ್ಟಾಫ್ ರೂಮಿಗೆ ಕರ್ಕೊಂಡೋಗಿ ಟೀ ಕೊಡಿ, ಸುಧಾರಿಸ್ಕೊಳ್ಳಲಿ" ಅಂದರು. ಹುಡುಗರೆಲ್ಲ ದಡಬಡನೆ ಎದ್ದು ನಿಂತರು, ಮರ್ಯಾದೆಗೆ. ಅಷ್ಟು ಜನ ಎದ್ದು ನಿಂತು ದಾರಿ ಬಿಟ್ಟಿರುವಾಗ, ಇಲ್ಲ, ನಾನೂ ಇಲ್ಲೇ ಕೂತು ಕೇಳುತ್ತೇನೆ ಅನ್ನುವುದು ಹೇಗೆ? ಹೊರಗೆ ಬಂದೆ.

ಸ್ಟಾಫ್ ರೂಮು ಪಕ್ಕದ ಗೋಡೆಗೇ. ಟೀ ಚೆನ್ನಾಗಿತ್ತು. ಗೋಡೆಯಾಚೆ ಸೀಮೆಸುಣ್ಣ ಬೋರ್ಡಿಗೆ ಟಕ್ ಟಕ್ ಬಡಿಯುವುದು ಕೇಳುತ್ತಿತ್ತು, ಮಾತು ಮಾತ್ರ ಬಿಡಿಸಿ ಕೇಳುತ್ತಿರಲಿಲ್ಲ.

"ಅಲ್ಲೇನ್ ಏಳ್ತಾವ್ರೆ?" ಎಂದು ಅಟೆಂಡರನ್ನು ಕೇಳಿದೆ.

"ಅದೇ ಫಾರ್ಮುಲ. ಇಪ್ಪತ್ತ್ ವರ್ಸದಿಂದ ಕಿವಿಗ್ ಬೀಳ್ತೈತೆ, ಒಂದೂ ತಲೆಗೋಗಿಲ್ಲ. ನೀನ್ ಬಿಸ್ಕತ್ ತಿನ್ನಣ್ಣ" ಅಂದ.

ಅವನ ಮೇಲೆ ಹೊಟ್ಟೆಕಿಚ್ಚಾಯಿತು. ಇಪ್ಪತ್ತು ವರ್ಷ! ನಾನು ಲ್ಯಾಬಿಗೆ ವಾಪಸು ಹೋಗುವ ಹೊತ್ತಿಗೆ ಬೋರ್ಡು ಒರೆಸಿಯಾಗಿತ್ತು. ಎರಡು ಇಂಗ್ಲಿಷ್ ಅಕ್ಷರದ ಕಾಲು ಅರ್ಧಂಬರ್ಧ ಉಳಿದಿದ್ದವು.

ಸಂಜೆ ಮನೆಯಲ್ಲಿ ಹೇಳಿಕೊಂಡೆ. ಹೆಂಡತಿ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಕೇಳಕ್ಕೆ ಬಾಯ್ ಬಿದ್ದೋಗಿತ್ತಾ? ನಂಗೂ ಒಸಿ ಏಳ್ಕೊಡಿ ಸಾ ಅಂದಿದ್ರೆ ನಿಮ್ ತಲೆ ಮ್ಯಾಲಿನ್ ಕಿರೀಟ ಬಿದ್ದೋಗದಾ?"

"ಸುಮ್ಕಿರು" ಅಂದೆ.

"ನೀವು ಸುಮ್ಕಿದ್ದೇ ಇಷ್ಟಾಗಿದ್ದು."

ಮಾರನೆಯ ದಿನ ಮಧ್ಯಾಹ್ನದೊಳಗೆ ಕಾಯಿಲುಗಳನ್ನೆಲ್ಲ ಕೂರಿಸಿ, ಕನೆಕ್ಷನ್ ಕೊಟ್ಟೆ. ಮೇಷ್ಟ್ರು ಮೀಟರ್ ಹಿಡಿದು ನೋಡಿದರು. ಮೋಟಾರು ತಿರುಗಿತು, ಹುಡುಗರು ಚಪ್ಪಾಳೆ ತಟ್ಟಿದರು. ಆಮೇಲೆ ಬಿಚ್ಚಿ ವಾರ್ನಿಷ್ ಹೊಯ್ದು, ಒಣಗಲೆಂದು ನಡುವೆ ಇನ್ನೂರು ವ್ಯಾಟಿನ ಬಲ್ಬು ಇಳಿಬಿಟ್ಟೆ. ಮೇಷ್ಟ್ರು ಮತ್ತೆ ಅದೇ ಮರ್ಯಾದೆಯಿಂದ, "ಬನ್ನಿ, ಸ್ಟಾಫ್ ರೂಮಿನಲ್ಲಿ ಕೂತ್ಕೊಳ್ಳೋರಂತೆ" ಅಂದರು.

"ಬುಟ್ ಬರಂಗಿಲ್ಲ ಸಾ. ವಾರ್ನಿಷ್ ಆಕಿದ್ ಮ್ಯಾಲೆ ಪಕ್ದಲ್ಲೇ ಕೂತು ನೋಡ್ಕೋಬೇಕು" ಅಂದೆ.

ಸುಳ್ಳು. ವಾರ್ನಿಷ್ ತನ್ನ ಪಾಡಿಗೆ ಒಣಗುತ್ತದೆ. ಅಂಗಡಿಯಲ್ಲಿ ನಾವು ಬಲ್ಬು ಹಾಕಿ ಊಟಕ್ಕೆ ಹೋಗುತ್ತೇವೆ. ಕೆಲಸದ ವಿಷಯದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ ಇರಬೇಕು. "ಹಾಗಿದ್ರೆ ಇಲ್ಲೇ ಕೂತ್ಕೊಳ್ಳಿ" ಎಂದು ಅವರು ಕೊನೆಯ ಬೆಂಚು ತೋರಿಸಿದರು. ಕೂತೆ. ಆದರೆ ನಿನ್ನೆಯ ಪಾಠ ನಿನ್ನೆಗೇ ಮುಗಿದಿತ್ತು. ಅವತ್ತಿನದು ಸ್ಟಾರ್ಟರಿನ ಪಾಠ. ಸ್ಟಾರ್ಟರು ನನಗೆ ಗೊತ್ತು. ನನಗೆ ಬೇಕಾದದ್ದು ಅದಲ್ಲ.

ಪಕ್ಕದಲ್ಲಿ ಕೂತಿದ್ದವಳು ಆ ಅರಕಲಗೂಡಿನ ಹುಡುಗಿ. ನನ್ನ ಮುಖ ನೋಡಿದಳೋ ಏನೋ, ನಿನ್ನೆಯ ನೋಟ್ಸನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ಮೂರು ಸಾಲು, ಎಲ್ಲ ಇಂಗ್ಲಿಷು. ತಿಳಿಯಲಿಲ್ಲವೆಂದು ತಲೆ ಆಡಿಸಿದೆ. ಅವಳು ಬಾಗಿ ಪಿಸುಗುಟ್ಟಿದಳು:

"ಬರೋ ವೋಲ್ಟೇಜನ್ನ ಮೂವತ್ತಾರು ಸುತ್ತೂ ಅಂಚ್ಕೊಂಡು ಒರ್ತವೆ ಸಾ. ಮೂವತ್ತಾರ್ ಜನ ಸೇರಿ ಬಂಡೆ ಎತ್ತಿದಂಗೆ. ಆರ್ ಜನ ಕೈ ಬುಟ್ರೆ?"

"ಮಿಕ್ದೋರ್ ಸೊಂಟ ಓಯ್ತದೆ."

"ಅದೇ ಸಾ! ಮೋಟಾರ್ ಸುಡೋದೂ ಅಂಗೇ."

ನನಗೆ ಜೋರಾಗಿ ನಗು ಬಂದುಬಿಟ್ಟಿತು.

"ಯಾರದು ಹಿಂದ್ಗಡೆ?" ಮೇಷ್ಟ್ರು ಬೋರ್ಡಿನಿಂದ ತಿರುಗದೆಯೇ ಗದರಿದರು. ಹುಡುಗಿ ಎದ್ದು ನಿಂತಳು. ನಾನೂ ಎದ್ದು ನಿಂತಿದ್ದೆ, ಕೈ ಕಟ್ಟಿಕೊಂಡು. ಎದ್ದ ಮೇಲೆಯೇ ನನಗೆ ಗೊತ್ತಾದದ್ದು.

"ನಿನ್ನೆ ಕ್ಲಾಸಿಗೆ ಬರ್ದೇ ಇದ್ದೋರ್ಗೆ ನೋಟ್ಸ್ ಕೊಡ್ತಿದ್ದೆ ಸಾ" ಅಂದಳು ಅವಳು.

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ತಿರುಗಿ ನನ್ನನ್ನು ನೋಡಿದರು, ಅತ್ತ ಉರಿಯುತ್ತಿದ್ದ ಬಲ್ಬನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಟೀಗೆ ಕಳಿಸಿದ್ದು ನನ್ನದೇ ತಪ್ಪು. ಕೂತ್ಕೊಳ್ಳಿ" ಎಂದು ಸ್ಟಾರ್ಟರಿನ ಚಿತ್ರ ಒರೆಸಿ, ಆ ಮೂರು ಸಾಲನ್ನು ಇನ್ನೊಮ್ಮೆ ಬರೆದರು.

ಮೊದಲನೆಯ ಸಾಲು ಹುಡುಗಿ ಹೇಳಿದ್ದೇ. ಎರಡನೆಯದು ಮೋಟಾರಿನೊಳಗೆ ತಂತಿ ಕೂರುವ ಕಬ್ಬಿಣದ ಅಗಲ, ಉದ್ದದ ಲೆಕ್ಕ; ದಿನಾ ಕೈಯಲ್ಲಿ ಹಿಡಿಯುವ ವಸ್ತು, ಅದೂ ತಿಳಿಯಿತು. ಮೂರನೆಯದರಲ್ಲಿ ಅವರು ಈಚೆಯ ಅಕ್ಷರಗಳನ್ನು ಆಚೆಗೆ ದಾಟಿಸಿ, ಮೇಲಿನದನ್ನು ಕೆಳಗೆ ಹಾಕಿದರು. ಅಲ್ಲಿ ನನಗೆ ಎಳೆ ತಪ್ಪಿಹೋಯಿತು.

"ಅರ್ಥ ಆಯ್ತಾ?"

"ಆಯ್ತು ಸಾರ್" ಎಂದಿತು ಕ್ಲಾಸು.

"ಮೂರ್ನೇ ಸಾಲು ಆಗಿಲ್ಲ ಸಾ" ಅಂದೆ. ಅಷ್ಟು ಹೇಳಲು ನನಗೆ ಎಷ್ಟು ವರ್ಷ ಹಿಡಿಯಿತು ಅಂತ ಅಲ್ಲಿದ್ದವರಿಗೆ ಗೊತ್ತಿಲ್ಲ. ಯಾರೂ ನಗಲಿಲ್ಲ.

"ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. ಒಂದು ಪೀರಿಯಡ್ ಬೇಕಾಗುತ್ತೆ. ಇನ್ನೊಂದು ದಿನ ಬನ್ನಿ, ಹೇಳಿಕೊಡ್ತೀನಿ" ಅಂದರು ಮೇಷ್ಟ್ರು. ಬೆಲ್ ಹೊಡೆಯಿತು. ಮೂರೂ ಸಾಲನ್ನು, ಅಕ್ಷರ ಹೇಗಿತ್ತೋ ಹಾಗೆ, ನನ್ನ ಪುಸ್ತಕಕ್ಕೆ ಇಳಿಸಿಕೊಂಡು ಬಸ್ಸು ಹತ್ತಿದೆ.

ಆ ಇನ್ನೊಂದು ದಿನ ಇನ್ನೂ ಬಂದಿಲ್ಲ. ಹೊಳೆನರಸೀಪುರ ದೂರವೇನಲ್ಲ. "ಅವ್ರೇ ಕರ್ದವ್ರಲ್ಲ, ಓಗ್ಬನ್ನಿ" ಎಂದು ಹೆಂಡತಿ ಹೇಳುತ್ತಲೇ ಇದ್ದಾಳೆ. ಆದರೆ ಕೈಯಲ್ಲಿ ಕೆಲಸವಿಲ್ಲದೆ ಒಂದು ಬಾಗಿಲೊಳಗೆ ಕಾಲಿಡುವುದು ನನಗೆ ಬರುವುದಿಲ್ಲ. ಏನೆಂದು ಹೋಗಲಿ? ಟೂಲ್ ಬ್ಯಾಗು ಹೆಗಲಿಗಿದ್ದರೆ ಎಲ್ಲಿಗಾದರೂ ಹೋಗಬಲ್ಲೆ. ಹಾಗಾಗಿ ತಿಂಗಳಿಗೊಂದು ಸಲ ಅಟೆಂಡರಿಗೆ ಫೋನು ಮಾಡುತ್ತೇನೆ.

"ಮೋಟಾರು ಎಂಗೈತಣ್ಣ?"

"ಬೆಣ್ಣೆ ಸವರ್ದಂಗ್ ಓಡ್ತೈತೆ. ಇನ್ನೂ ಹತ್ತ್ ವರ್ಸ ನಿನ್ ಕರಿಯಂಗಿಲ್ಲ ಬುಡು!"

ಒಳ್ಳೇದಾಯ್ತು ಅನ್ನುತ್ತೇನೆ. ಬೇರೆ ಮೋಟಾರು ಯಾವುದಾದರೂ ಸದ್ದು ಮಾಡುತ್ತಿದೆಯಾ ಎಂದೂ ಕೇಳಿ, ಫೋನಿಡುತ್ತೇನೆ.