ಆಷಾಢ ಶುಕ್ರವಾರ ಟಿ.ವಿ. ಒಡೆದದ್ದು

ನಮ್ಮ ಮನೆಯ ಟಿ.ವಿ. ಒಡೆದವಳು ನಾನೇ. ಕೈತಪ್ಪಿ ಅಲ್ಲ, ಬೇಕೆಂದೇ, ಶುಂಠಿ ಜಜ್ಜುವ ಗುಂಡುಕಲ್ಲಿನಿಂದ. ನಮ್ಮ ನೆಂಟರಲ್ಲಿ ಅದನ್ನು ಹುಚ್ಚು ಎನ್ನುವವರು ಇವತ್ತಿಗೂ ಇದ್ದಾರೆ. ಅನ್ನಲಿ. ಆ ಏಟು ನೆನೆದರೆ ನನಗೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಹಜಾರದಲ್ಲಿ ಟಿ.ವಿ.ಯ ಮೇಲ್ಗಡೆ ಅಮ್ಮನ ಹಳೆಯ ಫೋಟೋ ಇತ್ತು, ಸಂಬಂಧ ಕೇಳುವಾಗ ಕಳಿಸಿದ್ದು. ಅಪ್ಪ ಆಗ ಲಾರಿ ಓಡಿಸಿಕೊಂಡು ಊರೂರು ಅಲೆಯುತ್ತಿದ್ದರಂತೆ. ಹೆಣ್ಣು ನೋಡಲು ಬಿಡುವಾಗದೆ ಫೋಟೋ ನೋಡಿಯೇ ಒಪ್ಪಿದ್ದರು. ಲಷ್ಕರ್ ಮೊಹಲ್ಲಾದ ಯಾವುದೋ ಸ್ಟುಡಿಯೋದವನು ಅಮ್ಮನ ಮುಖವನ್ನು ಸುಣ್ಣ ಬಳಿದ ಗೋಡೆಯ ಹಾಗೆ ಮಾಡಿಕೊಟ್ಟಿದ್ದ. ಧಾರೆಯ ಹೊತ್ತಿಗೆ ಕಪ್ಪು ಹುಡುಗಿ ಬಂದು ನಿಂತಳು. ಅಪ್ಪ ಹಟಕ್ಕೆ ಆ ಫೋಟೋಗೆ ಕಟ್ಟು ಹಾಕಿಸಿ ನೇತುಹಾಕಿದರು. ಸಾರಿಗೆ ಉಪ್ಪು ಹೆಚ್ಚಾದರೂ ಫೋಟೋದ ಕಡೆ ಕೈ ತೋರಿಸಿ, "ಮೋಸ ಮಾಡಿ ಕಟ್ಬುಟ್ರು" ಎಂದು ಹೊಡೆಯುತ್ತಿದ್ದರು. ಅಮ್ಮನ ಎಡಗಿವಿ ಕಿವುಡಾದದ್ದು ಹಾಗೆ.

ಅಂಥವರು ನನಗೆ ಗಂಡು ಹುಡುಕಿದರು. ಆಷಾಢ ಮಾಸ, ಹೆಣ್ಣು ನೋಡುವ ಶಾಸ್ತ್ರ ಮಾಡುವಂತಿಲ್ಲ. ಆದರೆ ಗಂಡಿನ ತಾಯಿ ಮತ್ತು ಸೋದರತ್ತೆ ಶುಕ್ರವಾರ ದೇವಿಯ ದರ್ಶನಕ್ಕೆಂದು ಬೆಟ್ಟಕ್ಕೆ ಬರುವವರಿದ್ದರು. ಇಳಿದ ಮೇಲೆ ನಮ್ಮಲ್ಲಿ ತಿಂಡಿ. ಹುಡುಗಿ ಎದುರಿಗೆ ಬರಬಾರದು, ಸರಿ. ಚಿಕ್ಕಪ್ಪನ ಮಗಳ ಮದುವೆ ವಿಡಿಯೋದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಾಳಲ್ಲ, ಅದನ್ನು ನೋಡಿದರೆ ದೋಷವಿಲ್ಲ ಎಂದು ದೊಡ್ಡವರೇ ತೀರ್ಮಾನಿಸಿಕೊಂಡರು.

ಅವತ್ತು ಬೆಳಿಗ್ಗೆಯೇ ಅಪ್ಪ ರಿಮೋಟ್ ಹಿಡಿದು ಕೂತರು. ನನ್ನ ಮುಖ ಬಂದಲ್ಲಿ ವಿಡಿಯೋ ನಿಲ್ಲಿಸಿ, ತಾಳೆ ನೋಡಲು ನನ್ನನ್ನೂ ಟಿ.ವಿ. ಪಕ್ಕ ನಿಲ್ಲಿಸಿದರು. ಪಿಕ್ಚರ್ ಮೋಡ್ ಬದಲಾಯಿಸಿದರು. ಬ್ರೈಟ್‌ನೆಸ್ ಏರಿಸಿದರು, ಕಲರ್ ಇಳಿಸಿದರು, ಮತ್ತೆ ಬ್ರೈಟ್‌ನೆಸ್ ಏರಿಸಿದರು. ಮದುಮಗಳ ಕುಂಕುಮ ಬಣ್ಣದ ಸೀರೆ ತಿಳಿ ಗುಲಾಬಿಯಾಯಿತು. ನಾನು ಮುಡಿದಿದ್ದ ಮಲ್ಲಿಗೆ ಬೆಳಕಿನಲ್ಲಿ ಕಾಣದೇ ಹೋಯಿತು.

"ಅಲ್ಲಾಡ್ಬೇಡ. ಇನ್ನೊಸಿ ಬೆಳ್ಳಗಾಗ್ಲಿ."

"ಅದು ನಾನಲ್ಲ ಕಣಪ್ಪ."

"ನಿನ್ ಮಕ ಇದ್ದಂಗೇ ತೋರ್ಸುದ್ರೆ ಯಾವನ್ ಒಪ್ತಾನೆ?"

"ನಾಳೆ ಅವನೂ ನನ್ ಕಿವಿ ಮೇಲೆ ಹೊಡೀಲಿ ಅಂತಾನಾ?"

ರಿಮೋಟ್ ಹಿಡಿದ ಕೈಯಿಂದಲೇ ಬಾರಿಸಿದರು. ತುಟಿ ಒಡೆದು ಬಾಯೆಲ್ಲ ಉಪ್ಪುಪ್ಪಾಯಿತು. ನೋವಿಗಿಂತ ಹೆದರಿಕೆ ಹೆಚ್ಚಾಗಿತ್ತು ನನಗೆ. ಆ ಬಿಳಿ ಮುಖವನ್ನು ಗಂಡಿನ ಕಡೆಯವರು ಒಪ್ಪಿಬಿಟ್ಟರೆ, ಈ ಕಪ್ಪು ಮುಖ ಹೊತ್ತು ಆ ಮನೆಗೆ ಹೋಗಬೇಕಾದವಳು ನಾನು. ಮೋಸ ಮಾಡಿದರು ಅನ್ನಿಸಿಕೊಂಡವಳ ಗತಿ ಏನೆಂದು ದಿನಾ ನೋಡಿ ಬೆಳೆದಿದ್ದೆ. ಅಪ್ಪನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಮಾಡಿದರಲ್ಲ ಎಂದು ಮೈಯೆಲ್ಲ ಉರಿಯಿತು.

ಬೆಟ್ಟ ಇಳಿದು ಗಂಡಿನ ಕಡೆಯವರು ಬಂದರು. ನಾನು ಅಡುಗೆಮನೆಯಲ್ಲಿ ಟೀಗೆ ಶುಂಠಿ ಜಜ್ಜುತ್ತಿದ್ದೆ. ಹಜಾರದಿಂದ ಗಂಡಿನ ತಾಯಿಯ ದನಿ ಕೇಳಿಸಿತು. "ಉಡುಗಿ ಒಳ್ಳೆ ಬೆಳ್ಳಗವ್ಳೆ ಕಣ್ರೀ. ನಮ್ ಮನೆ ಗಂಡಿಗೆ ಸರ್ಯಾದ್ ಜೋಡಿ."

ಕಲ್ಲು ಕೈಯಲ್ಲೇ ಇತ್ತು. ಹೊರಗೆ ಬಂದು, ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ ಹೋಗಿ ನಿಂತೆ.

"ನಾನು ಇರೋದು ಹಿಂಗೆ. ಸರಿಯಾಗಿ ನೋಡ್ಕೊಳಿ."

"ಆಷಾಢ ಕಣೇ! ಒಳೀಕೆ ಹೋಗು!" ಅಪ್ಪ ಜಡೆ ಹಿಡಿದು ಎಳೆದರು. ತಲೆ ಗೋಡೆಗೆ ಬಡಿಯಿತು. ನಾನು ತಿರುಗಿ ಟಿ.ವಿ.ಯಲ್ಲಿದ್ದ ಆ ಬಿಳಿಚಿಕೊಂಡ ಮುಖಕ್ಕೇ ಕಲ್ಲು ಬೀಸಿದೆ. ಮತ್ತೆ ಬೀಸಿದೆ. ಪರದೆ ಸೀಳಿ ಕಪ್ಪಾಯಿತು. ಬಂದವರು ಬೆಟ್ಟದ ಪ್ರಸಾದವನ್ನೂ ಬಿಟ್ಟು ಚಪ್ಪಲಿ ಮೆಟ್ಟಿ ಹೊರಟರು.

ಅಪ್ಪ ಬೆಲ್ಟ್ ಬಿಚ್ಚಿದರು. ನನಗೆ ನಾಲ್ಕಾರು ಬಿದ್ದಿರಬೇಕು. ಆಗ ಅಮ್ಮ ಕುರ್ಚಿ ಹತ್ತಿ, ಗೋಡೆಯ ಫೋಟೋ ಕಿತ್ತು, ಅಪ್ಪನ ಕಾಲ ಬುಡಕ್ಕೆ ಅಪ್ಪಳಿಸಿದಳು. ಗಾಜು ಸಿಡಿದು ಅಪ್ಪನ ಪಾದದಿಂದ ರಕ್ತ ಬಂತು. ಬೆಲ್ಟ್ ಎತ್ತಿದ್ದ ಕೈ ಹಾಗೇ ನಿಂತಿತು.

ಅಮ್ಮ ಕೆಳಗಿಳಿದು ಚೂರುಗಳ ನಡುವಿನಿಂದ ಫೋಟೋ ಎತ್ತಿ ನನಗೆ ತೋರಿಸಿದಳು.

"ಇವಳು ಯಾರೋ ನಂಗೊತ್ತಿಲ್ಲ ಕಣಮ್ಮ," ಎಂದಳು. "ಇವಳಿಗೋಸ್ಕರ ಇಷ್ಟು ವರ್ಷ ಏಟು ತಿಂದಿದ್ದು ನಾನು."